ಗೀತಾಂಜಲಿ ರಾವ್ ಅವರ ‘ಪ್ರಿಂಟೆಡ್ ರೇನ್‌ಬೋ’ ಕಿರುಚಿತ್ರಕ್ಕೆ ಅಷ್ಟೊಂದು ಮಹತ್ವವೇಕೆ? ಅವರಂತೆ ಸ್ವತಂತ್ರವಾಗಿ ಅನಿಮೇಷನ್ ಮಾಡಿ ಬದುಕಲು ಸಾಧ್ಯವೇ?

ನಿಮ್ಮ ಎರಡು ಪ್ರಶ್ನೆಗಳನ್ನು ಬೇರೆ ಬೇರೆ ಮಾಡಲು ನನಗೆ ಮನಸ್ಸಿಲ್ಲ. ಈ ಚಿತ್ರವನ್ನು ಅವರು ರೂಪಿಸಿದ ರೀತಿಯೇ ಅದರ ಚೆಲುವಿಗೂ ಕಾರಣ, ಅವರ ವೃತ್ತಿಜೀವನ ಅಷ್ಟು ನಿಧಾನವಾಗಿ ಸಾಗಿದ್ದಕ್ಕೂ ಕಾರಣ.

2006ರಲ್ಲಿ ಬಂದ ಈ ಚಿತ್ರದ ಅವಧಿ ಸುಮಾರು 15 ನಿಮಿಷ. ಮಹಾನಗರದ ಫ್ಲ್ಯಾಟಿನಲ್ಲಿ ಬೆಕ್ಕಿನೊಡನೆ ಒಂಟಿಯಾಗಿ ಬದುಕುವ ಮುದುಕಿಯೊಬ್ಬಳು, ಕೂಡಿಟ್ಟ ಬೆಂಕಿಪೊಟ್ಟಣಗಳ ಮೇಲಿನ ಚಿತ್ರಗಳೊಳಗೆ ಹೊಕ್ಕು ಅಲ್ಲಿನ ಲೋಕಗಳಲ್ಲಿ ಸುತ್ತಾಡುತ್ತಾಳೆ. ಅವಳ ದಿನಚರಿಯೆಲ್ಲ ಬೂದು ಛಾಯೆಯಲ್ಲಿದ್ದರೆ, ಪೊಟ್ಟಣದೊಳಗಿನ ಲೋಕ ಬಣ್ಣಗಳಿಂದ ತುಂಬಿ ತುಳುಕುತ್ತದೆ. ಆ ಅಗ್ಗದ ಮುದ್ರಣದ ಚಿತ್ರಗಳನ್ನು ನಮ್ಮಲ್ಲಿ ಹೆಚ್ಚಿನವರು ಕಲೆಯೆಂದು ಎಣಿಸುವುದಿಲ್ಲ. ಕಡ್ಡಿ ಮುಗಿದ ಕೂಡಲೇ ಪೊಟ್ಟಣವನ್ನು ಎಸೆದುಬಿಡುತ್ತೇವೆ. ಯಾರೂ ಗಮನಿಸದ ಆ ಚಿತ್ರಗಳನ್ನು ಯಾರೂ ಗಮನಿಸದ ಒಬ್ಬ ಹೆಂಗಸಿನ ಕೈಯಲ್ಲಿಟ್ಟು, ಎರಡಕ್ಕೂ ಒಟ್ಟಿಗೆ ಗೌರವ ತಂದುಕೊಟ್ಟದ್ದೇ ಈ ಚಿತ್ರದ ದೊಡ್ಡತನವೆಂದು ನಾನು ನಂಬಿದ್ದೇನೆ. ಮುದುಕಿಯ ಒಂಟಿತನವನ್ನು ಎಲ್ಲಿಯೂ ಕರುಣೆಯ ಪ್ರದರ್ಶನವಾಗಿಸದ ಸಂಯಮವೂ ಅಷ್ಟೇ ಮುಖ್ಯ.

ಇದರ ಹಿಂದಿನ ಶ್ರಮವನ್ನು ಲೆಕ್ಕ ಹಾಕಿ ನೋಡಿ. ಸಿನಿಮಾದಲ್ಲಿ ಸೆಕೆಂಡಿಗೆ 24 ಫ್ರೇಮ್‌ಗಳು, ಅಂದರೆ ಒಂದರ ಹಿಂದೆ ಒಂದರಂತೆ ಓಡುವ 24 ನಿಶ್ಚಲ ಬಿಂಬಗಳು. ಒಂದು ಚಿತ್ರವನ್ನು ಎರಡು ಫ್ರೇಮ್‌ಗಳಿಗೆ ಹಿಡಿದು ನಿಲ್ಲಿಸುವ ರೂಢಿಯನ್ನು ಅನುಸರಿಸಿದರೂ 15 ನಿಮಿಷಕ್ಕೆ ಹತ್ತು ಸಾವಿರಕ್ಕೂ ಹೆಚ್ಚು ಚಿತ್ರಗಳು ಬೇಕಾಗುತ್ತವೆ. ಫ್ರೇಮ್ ಫ್ರೇಮ್‌ಗೂ ಬಣ್ಣ ಹಚ್ಚುವ ಕೆಲಸ ವರ್ಷಗಳನ್ನೇ ಬೇಡುತ್ತದೆ. ಫ್ರಾನ್ಸಿನ ಕಾನ್ ಚಿತ್ರೋತ್ಸವದ ಜೊತೆಗೆ ನಡೆಯುವ, ಹೊಸ ನಿರ್ದೇಶಕರಿಗೆ ಮೀಸಲಾದ ‘ಕ್ರಿಟಿಕ್ಸ್ ವೀಕ್’ ವಿಭಾಗದಲ್ಲಿ ಈ ಚಿತ್ರಕ್ಕೆ ಮೂರು ಪ್ರಶಸ್ತಿಗಳು ಬಂದವು.

ಗೀತಾಂಜಲಿ ಅವರು ಅನಿಮೇಷನ್ನನ್ನು ಶಾಲೆಯಲ್ಲಿ ಕಲಿತವರಲ್ಲ. ಮುಂಬೈಯ ಸರ್ ಜೆ.ಜೆ. ಅನ್ವಯಿಕ ಕಲಾ ಸಂಸ್ಥೆಯಲ್ಲಿ ಓದಿ, 1994ರಲ್ಲಿ ಪದವಿ ಪಡೆದು, ಹಿರಿಯ ಅನಿಮೇಟರ್ ರಾಮ್ ಮೋಹನ್ ಅವರ ಸ್ಟುಡಿಯೋದಲ್ಲಿ ಕೆಲಸ ಮಾಡುತ್ತಲೇ ಕಲಿತರು. ಅನಂತರ ‘ಆರೆಂಜ್’ ಎಂಬ ಕಿರುಚಿತ್ರ, ಆಮೇಲೆ ‘ಪ್ರಿಂಟೆಡ್ ರೇನ್‌ಬೋ’. ಕಾನ್‌ನ ಮನ್ನಣೆಯ ಬಳಿಕವೂ ಅವರ ಮೊದಲ ಪೂರ್ಣಾವಧಿ ಚಿತ್ರ ‘ಬಾಂಬೆ ರೋಸ್’ ಬಂದದ್ದು 2019ರಲ್ಲಿ, ಅಂದರೆ 13 ವರ್ಷಗಳ ನಂತರ. ಈ ಅಂತರ ನನಗೆ ಇಂದಿಗೂ ನೋವು ತರುತ್ತದೆ. ನಮ್ಮಲ್ಲಿ ಅನಿಮೇಷನ್ ಎಂದರೆ ಮಕ್ಕಳ ಮನರಂಜನೆ ಎಂಬ ಎಣಿಕೆ ಗಟ್ಟಿಯಾಗಿದೆ. ಕಿರುಚಿತ್ರಕ್ಕೆ ಚಿತ್ರಮಂದಿರದ ಮಾರುಕಟ್ಟೆಯಿಲ್ಲ. ಪ್ರಶಸ್ತಿ ಬಂದ ಮಾತ್ರಕ್ಕೆ ಮುಂದಿನ ಚಿತ್ರಕ್ಕೆ ಹಣ ಹೂಡುವವರು ಸಿಗುವುದಿಲ್ಲ.

ಹಾಗಾಗಿ ಎರಡನೆಯ ಪ್ರಶ್ನೆಗೆ ನನ್ನ ಉತ್ತರ ಹೀಗಿದೆ: ಬದುಕಬಹುದು, ಆದರೆ ಕಿರುಚಿತ್ರವೇ ಅನ್ನ ಕೊಡುತ್ತದೆಂದು ನೆಚ್ಚಿಕೊಳ್ಳಬೇಡಿ. ಜಾಹೀರಾತು, ಪುಸ್ತಕಗಳ ಚಿತ್ರರಚನೆ, ಪಾಠ ಹೇಳುವುದು ಮುಂತಾದ ದುಡಿಮೆ ಜೊತೆಗಿರಲಿ. ಚಿತ್ರದ ಮೇಲಿನ ಹಕ್ಕನ್ನು ಮಾತ್ರ ನಿಮ್ಮಲ್ಲೇ ಉಳಿಸಿಕೊಳ್ಳಿ. ಸಾಧ್ಯವಾದರೆ ಅವರ 2014ರ ಕಿರುಚಿತ್ರ ‘ಟ್ರೂ ಲವ್ ಸ್ಟೋರಿ’ಯನ್ನೂ ‘ಬಾಂಬೆ ರೋಸ್’ ಅನ್ನೂ ಒಂದರ ಹಿಂದೆ ಒಂದರಂತೆ ನೋಡಿ. ಮುಂಬೈಯ ಬೀದಿಬದಿಯ ಪ್ರೇಮ ಮತ್ತು ಹಿಂದಿ ಸಿನಿಮಾದ ಕನಸುಗಳು ಕಿರುಚಿತ್ರದಿಂದ ದೊಡ್ಡ ಚಿತ್ರಕ್ಕೆ ಹೇಗೆ ಬೆಳೆದುಬಂದಿವೆ, ಒಬ್ಬರ ಕೈಬರಹದಂತಿದ್ದ ಶೈಲಿಯನ್ನು ಅನೇಕ ಕಲಾವಿದರ ತಂಡ ಹೇಗೆ ನಿಭಾಯಿಸಿದೆ ಎಂಬುದು ನಿಮಗೆ ಅಲ್ಲಿ ಸ್ಪಷ್ಟವಾಗಿ ಕಾಣುತ್ತದೆ.