ಹಿಡಿದಲ್ಲೇ ಮುಳುಗಿಸಬಾರದೇಕೆ?

ಮಲ್ಪೆಯ ಓದುಗರೊಬ್ಬರ ಪತ್ರ: ‘2024ರಲ್ಲಿ, ಅಪಹರಿಸಿದ್ದ ರುಯೆನ್ ಎಂಬ ಸರಕು ಹಡಗಿನಲ್ಲಿ ನಮ್ಮ ನೌಕಾಪಡೆಗೆ ಸಿಕ್ಕಿಬಿದ್ದ 35 ಕಡಲ್ಗಳ್ಳರನ್ನು ಮುಂಬಯಿಗೆ ತಂದು ಜೈಲಿನಲ್ಲಿ ಅನ್ನ ಹಾಕುವ ಬದಲು ಅಲ್ಲೇ ಮುಳುಗಿಸಬಾರದಿತ್ತೇ?’

ಸಂಪಾದಕರ ಉತ್ತರ: ಸಿಟ್ಟು ನ್ಯಾಯವೇ. ನಮ್ಮ ಕರಾವಳಿಯ ಎಷ್ಟೋ ಮನೆಯ ಮಕ್ಕಳು ಹಡಗಿನಲ್ಲಿದ್ದಾರೆ. ಆದರೆ ಸಮುದ್ರದಲ್ಲೇ ತೀರ್ಪು ಕೊಡುವ ಚಾಳಿ ಶುರುವಾದರೆ ಮೊದಲು ಸಾಯುವವರು ನಿಮ್ಮ ಬಂದರಿನವರೇ ಮಾರಾಯ್ರೇ! 2012ರ ಫೆಬ್ರವರಿಯಲ್ಲಿ ಕೇರಳದ ಆಚೆ, ದಡದಿಂದ ಸುಮಾರು 20 ನಾಟಿಕಲ್ ಮೈಲು ದೂರದಲ್ಲಿ, ಇಟಲಿಯ ಎನ್ರಿಕಾ ಲೆಕ್ಸಿ ಹಡಗಿನ ಕಾವಲು ಯೋಧರು ಕಡಲ್ಗಳ್ಳರೆಂದು ಗುಂಡು ಹೊಡೆದದ್ದು ಇಬ್ಬರು ಬಡ ಮೀನುಗಾರರಿಗೆ. ಆಗ ಹಡಗು ಕಂಪನಿಗಳ ನಕ್ಷೆಯಲ್ಲಿ ‘ಅಪಾಯ ವಲಯ’ದ ಗೆರೆ 78 ಡಿಗ್ರಿ ಪೂರ್ವದವರೆಗೆ ಬಂದಿತ್ತು. ನಮ್ಮ ಪಡುಗಡಲು ಪೂರ್ತಿ ಅದರೊಳಗೆ.

ಹಿಡಿಯುವುದು ಅರ್ಧ ಕೆಲಸ. ಯುದ್ಧನೌಕೆ ಕಂಡ ಕೂಡಲೇ ಕೊಕ್ಕೆ ಏಣಿ, ಬಂದೂಕು, ರಾಕೆಟ್ ಲಾಂಚರ್ ಎಲ್ಲ ನೀರಿಗೆ. ದೋಣಿಯಲ್ಲಿ ಉಳಿಯುವುದು ಬಲೆ, ಡೀಸೆಲ್ ಪೀಪಾಯಿ ಮತ್ತು ‘ನಾವು ಮೀನು ಹಿಡಿಯುವವರು’ ಎಂಬ ಮಾತು. ಅದಕ್ಕೇ ಹೆಲಿಕಾಪ್ಟರ್ ತೆಗೆದ ವಿಡಿಯೊದಲ್ಲಿ ಹೊತ್ತು, ಅಕ್ಷಾಂಶ, ರೇಖಾಂಶ ಕಾಣಬೇಕು. ದಡದಿಂದ 12 ನಾಟಿಕಲ್ ಮೈಲಿನ, ಅಂದರೆ ಒಂದು ದೇಶದ ಸ್ವಂತ ಕಡಲಿನ, ಒಳಗೋ ಹೊರಗೋ ಎಂಬುದರ ಮೇಲೆ ಅನ್ವಯಿಸುವ ಕಾನೂನೇ ಬದಲಾಗುತ್ತದೆ. ವಶಪಡಿಸಿಕೊಂಡ ಬಂದೂಕು ಯಾರ ಕೈಯಿಂದ ಯಾರ ಕೈಗೆ ಹೋಯಿತೆಂಬ ದಾಖಲೆಯಲ್ಲಿ ಒಂದು ಸಹಿ ತಪ್ಪಿದರೂ ಆರೋಪಿಯ ವಕೀಲ ಬಿಡುವುದಿಲ್ಲ.

ರುಯೆನ್‌ಗೆ ಮಾಲ್ಟಾದ ಧ್ವಜ. ಸಿಬ್ಬಂದಿ ಬಲ್ಗೇರಿಯಾ, ಮ್ಯಾನ್ಮಾರ್, ಅಂಗೋಲಾದವರು, ಆರೋಪಿಗಳು ಸೊಮಾಲಿಯಾದವರು, ಹಿಡಿದದ್ದು ಭಾರತ. ಇಷ್ಟು ದೇಶಗಳು ಕೈಜೋಡಿಸದೆ ಸಾಕ್ಷಿ ಎಲ್ಲಿಂದ ಬರಬೇಕು? 1982ರ ಸಮುದ್ರ ಕಾನೂನು ಒಪ್ಪಂದದ 105ನೇ ವಿಧಿ, ಹಿಡಿದ ದೇಶವೇ ವಿಚಾರಣೆ ನಡೆಸಬಹುದು ಎನ್ನುತ್ತದೆ, ನಡೆಸಲೇಬೇಕು ಎನ್ನುವುದಿಲ್ಲ. ಹಾಗಾಗಿ 2008ರ ನಂತರ ಎಷ್ಟೋ ನೌಕಾಪಡೆಗಳು ಆಯುಧ ಕಿತ್ತುಕೊಂಡು ಆಸಾಮಿಗಳನ್ನು ಬಿಟ್ಟುಕಳಿಸಿದವು, ಉಳಿದವರನ್ನು ಕೀನ್ಯಾ, ಸೆಶೆಲ್ಸ್ ಕೋರ್ಟುಗಳ ತಲೆಗೆ ಕಟ್ಟಿದವು.

ನಮ್ಮದೇನು ಕಡಿಮೆಯಲ್ಲ. 1999ರಲ್ಲಿ ಅಲೊಂಡ್ರಾ ರೈನ್‌ಬೋ ಹಡಗನ್ನು ಕದ್ದವರನ್ನು ನೌಕಾಪಡೆ, ಕರಾವಳಿ ಕಾವಲು ಪಡೆ ಅಟ್ಟಿಸಿಕೊಂಡು ಹೋಗಿ ಹಿಡಿದವು. ಕಡಲ್ಗಳ್ಳತನಕ್ಕೆ ಪ್ರತ್ಯೇಕ ಕಾನೂನಿರಲಿಲ್ಲ, ದಂಡಸಂಹಿತೆಯನ್ನೇ ಹೊಂದಿಸಿಕೊಂಡು ಕೇಸು ನಡೆಸಿದರು. 2003ರಲ್ಲಿ ಶಿಕ್ಷೆಯಾಯಿತು, 2005ರಲ್ಲಿ ಬಾಂಬೆ ಹೈಕೋರ್ಟಿನಲ್ಲಿ ಬಿಡುಗಡೆಯೂ ಆಯಿತು. ಸ್ವಂತ ಕಾನೂನು ಜಾರಿಗೆ ಬಂದದ್ದು 2023ರಲ್ಲಿ!

ರುಯೆನ್ ಕಾರ್ಯಾಚರಣೆಯಲ್ಲಿ ಕಮಾಂಡೊಗಳು ಪ್ಯಾರಾಚೂಟಿನಲ್ಲಿ ಇಳಿದದ್ದನ್ನು ಟಿ.ವಿ.ಯವರು ತಿರುಗಿಸಿ ಮುರುಗಿಸಿ ತೋರಿಸಿದರು. ಸೊಮಾಲಿ ಭಾಷೆಯ ದುಭಾಷಿಗೆ ಸಂಬಳ ಯಾರು ಕೊಡುತ್ತಾರೆ, ಸಾಕ್ಷಿ ಹೇಳಲು ಹಡಗಿನಿಂದ ಇಳಿದ ನಾವಿಕನಿಗೆ ಕಳೆದುಹೋದ ಸಂಬಳ ತುಂಬಿಸುವವರು ಯಾರು ಎಂದು ಕೇಳಿದವರಿಲ್ಲ. ವಿಡಿಯೊ ಮೂಲಕ ಸಾಕ್ಷ್ಯ ಪಡೆಯಲು ಕಾನೂನಿನಲ್ಲಿ ಅವಕಾಶ ಇದೆ. ಖರ್ಚಿನ ಲೆಕ್ಕ ಹಾಕುವ ನೀವು ಮುಂದಿನ ಪತ್ರವನ್ನು ಸಂಸದರಿಗೆ ಬರೆದು ಅದನ್ನು ಕೇಳಿ.