ಹಾಳಾದ ಗುಡಿಯ ಚೀಟಿ ಮಾರಬೇಡಿ

ಶಿರಸಿಯ ಓದುಗರೊಬ್ಬರ ಪತ್ರ: "ಯುದ್ಧದಲ್ಲಿ ಹಾಳಾದ ಚರ್ಚು, ಮಠಗಳ ಅಂಚೆಚೀಟಿ ಸಂಗ್ರಹಿಸುತ್ತಿದ್ದೇನೆ. ಭಿನ್ನವಾದದ್ದು ಮನೆಯಲ್ಲಿ ಇರಬಾರದು ಎನ್ನುತ್ತಾರೆ ಅಮ್ಮ. ಮೊಹರು ಬಿದ್ದ ಚೀಟಿಗೆ ಬೆಲೆ ಇಲ್ಲ, ಬಂದಷ್ಟಕ್ಕೆ ಕೊಡಿ ಎನ್ನುತ್ತಾರೆ ವ್ಯಾಪಾರಿ. ಏನು ಮಾಡಲಿ?"

ಅಮ್ಮನ ಜೊತೆ ವಾದಕ್ಕೆ ಇಳಿಯಬೇಡಿ. ಭಿನ್ನ ಮೂರ್ತಿಗೆ ಪೂಜೆ ಇಲ್ಲ ಎನ್ನುವುದು ಹಿಂದಿನಿಂದ ಬಂದದ್ದು. ಆಲ್ಬಮ್ ದೇವರ ಕೋಣೆಯಲ್ಲಿ ಬೇಡ, ಕಪಾಟಿನಲ್ಲಿ ಇರಲಿ.

ಸಿಟ್ಟು ಬಂದದ್ದು ವ್ಯಾಪಾರಿಯ ಮಾತಿಗೆ. ನಿಮ್ಮ ಪಟ್ಟಿಯಲ್ಲಿ ಫ್ರಾನ್ಸಿನ 1938ರ ರೀಮ್ಸ್ ಕ್ಯಾಥೆಡ್ರಲ್ ಚೀಟಿ ಇದೆಯಲ್ಲ, ಅದರ ಮೇಲಿನ ಅಂಕಿ ನೋಡಿ: 65 + 35. ಮೊದಲನೆಯದು ಅಂಚೆ ದರ, ಎರಡನೆಯದು ಜನ ಮೇಲಿಂದ ದಾನವಾಗಿ ಕೊಟ್ಟ ದುಡ್ಡು. 1914ರಲ್ಲಿ ಜರ್ಮನ್ ಫಿರಂಗಿಗೆ ಸಿಕ್ಕಿ ಸುಟ್ಟ ಕ್ಯಾಥೆಡ್ರಲ್ ದುರಸ್ತಿಯಾದ ಹಬ್ಬಕ್ಕೆ ಬಂದ ಚೀಟಿ ಅದು. ಮೊಹರು ಬಿದ್ದಿದೆ ಅಂದರೆ ಯಾರೋ ಒಬ್ಬರು ಆ 35 ಸಾಂತೀಮ್ (ಫ್ರಾನ್ಸಿನ ಆಗಿನ ಚಿಲ್ಲರೆ ಕಾಸು) ನಿಜವಾಗಿ ಕೊಟ್ಟು ಕಾಗದ ಹಾಕಿದ್ದಾರೆ. ಅದಕ್ಕಿಂತ ಬೆಲೆ ಬೇಕಾ?

ಜರ್ಮನಿಯ ಲ್ಯೂಬೆಕ್ ಊರಿನದು ಇನ್ನೂ ದೊಡ್ಡ ಕಥೆ. ಅಲ್ಲಿನ ಮರಿಯೆನ್ ಚರ್ಚು 1942ರ ಬಾಂಬಿಗೆ ಉರಿದಾಗ ಗಾರೆ ಉದುರಿ ಹಳೆಯ ಭಿತ್ತಿಚಿತ್ರಗಳು ಹೊರಗೆ ಬಂದವು. ಅವನ್ನು ಸರಿಪಡಿಸಲು ಬಂದ ಮಾಲ್‌ಸ್ಕಾಟ್ ಎಂಬ ಚಿತ್ರಗಾರ ಹೊಸದನ್ನೇ ಬರೆದುಬಿಟ್ಟ. 1951ರ 10+5, 20+5 ಫೆನಿಗ್ (ಜರ್ಮನಿಯ ಆಗಿನ ಪೈಸೆ) ಚೀಟಿಗಳ ಮೇಲೆ ಅಚ್ಚಾದದ್ದು ಅದೇ ಚಿತ್ರ! ಮರುವರ್ಷ ಅವನೇ ಬಾಯಿಬಿಟ್ಟ. ಚಿತ್ರ ಸುಳ್ಳಾದರೂ ಚರ್ಚು ಕಟ್ಟಲು ಜನ ಕೊಟ್ಟ 5 ಫೆನಿಗ್ ಸುಳ್ಳಲ್ಲ. ಇಂಥ ಚೀಟಿಯನ್ನು ಬಂದಷ್ಟಕ್ಕೆ ಕೊಡುವುದಾ?

ಇಟಲಿಯ ಮಾಂಟೆ ಕಸ್ಸಿನೋ ಮಠದ ಚೀಟಿ ಸಿಕ್ಕರೆ ಬಿಡಬೇಡಿ. 1944ರಲ್ಲಿ ಬಾಂಬಿಗೆ ನೆಲಸಮವಾದ ಆ ಮಠದ ಬೆಟ್ಟದಲ್ಲಿ ನಮ್ಮ ಭಾರತೀಯ ಸೈನಿಕರೂ ಹೋರಾಡಿ ಸತ್ತಿದ್ದಾರೆ. 1951ರಲ್ಲಿ ಬಂದ ಎರಡು ಚೀಟಿಗಳಲ್ಲಿ ಒಂದರ ಮೇಲೆ ಪಾಳುಬಿದ್ದ ಮಠವನ್ನೇ ಅಚ್ಚು ಹಾಕಿದ್ದಾರೆ.

ಈಗಿನ ಸಂಗ್ರಾಹಕರಿಗೆ ಇದೆಲ್ಲ ಬೇಡ. ಮಿನುಗುವ ಹಾಳೆ, ಮೊಹರು ಬೀಳದ, ಕೈ ತಾಗದ ಮಿಂಟ್ ಚೀಟಿ, ಕ್ಯಾಟಲಾಗ್ ರೇಟು, ಇಷ್ಟೇ ಮಾತು. ಕೆಲವು ದೇಶಗಳಂತೂ ಸುಮ್ನೆ ಮಾರುವುದಕ್ಕೇ ಚೀಟಿ ಅಚ್ಚು ಹಾಕುತ್ತವೆ, ಅವು ಒಂದು ಕಾಗದವನ್ನೂ ಊರು ದಾಟಿಸಿರುವುದಿಲ್ಲ. ನಮ್ಮ ಕಚೇರಿಗೆ ಬರುವ ಕವರುಗಳ ಮೇಲೂ ಬಾರ್‌ಕೋಡ್ ಸ್ಟಿಕರೇ ಜಾಸ್ತಿ. ನೀವು ಚೀಟಿ ಅಂಟಿಸಿ ಬರೆದಿರಿ, ಖುಷಿಯಾಯಿತು.

ಒಂದೇ ಬುದ್ಧಿಮಾತು. ಲ್ಯೂಬೆಕ್ ಚೀಟಿ ಕವರ್ ಮೇಲೇ ಇದೆ ಎಂದು ಬರೆದಿದ್ದೀರಿ. ಅದನ್ನು ನೀರಲ್ಲಿ ನೆನೆಸಿ ಬಿಡಿಸಲು ಹೋಗಬೇಡಿ, ವಿಳಾಸ, ಮೊಹರು ಸಮೇತ ಇಡೀ ಕವರನ್ನೇ ಇಡಿ.