ಟೆಂಟಿನೊಳಗೆ ಎಷ್ಟು ಬೆಳಕು ಬೇಕು?

ಮಳೆ ನಿಂತು ಚಳಿ ಶುರುವಾದರೆ ನಮ್ಮ ಕಡೆ ತೋಟಗಳಲ್ಲಿ ಟೆಂಟುಗಳು ಏಳುತ್ತವೆ. ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಟೆಂಟಿನ ದೀಪ, ಬ್ಯಾಟರಿಗಳ ಬಗ್ಗೆಯೇ ಇವೆ. ಹಾಗಾಗಿ ಉಳಿದವನ್ನು ಮುಂದಿನ ಸಂಚಿಕೆಗೆ ಇಟ್ಟು ಇವನ್ನು ಮಾತ್ರ ಎತ್ತಿಕೊಂಡಿದ್ದೇನೆ. ಮೂಡಿಗೆರೆಯಲ್ಲಿ ಎಲೆಕ್ಟ್ರಿಕಲ್ ಅಂಗಡಿ ಇಟ್ಟುಕೊಂಡು, ತೋಟದ ಮನೆಗಳಿಗೂ ಹೋಂಸ್ಟೇಗಳಿಗೂ ವೈರಿಂಗ್ ಮಾಡುವವನು ನಾನು. ದಿನಾ ಕೈಯಲ್ಲಿ ಹಿಡಿಯುವ ವಸ್ತುಗಳ ಬಗ್ಗೆಯೇ ಇಲ್ಲಿ ಹೇಳುತ್ತಿದ್ದೇನೆ.

ನಮ್ಮದು ಕಾಫಿ ತೋಟದೊಳಗಿನ ಹೋಂಸ್ಟೇ. ಮನೆಯಿಂದ ದೂರ, ಕಣದ ಆಚೆಗಿನ ದಿಬ್ಬದಲ್ಲಿ ನಾಲ್ಕು ಟೆಂಟ್ ಹಾಕುತ್ತಿದ್ದೇವೆ. ಅಲ್ಲಿಗೆ ಕರೆಂಟ್ ಇಲ್ಲ. ಮನೆಯ ಹಳೇ ಇನ್ವರ್ಟರ್ ಮತ್ತು 150 ಎಎಚ್ (ಆಂಪಿಯರ್-ಅವರ್) ಬ್ಯಾಟರಿಯನ್ನು ಅಲ್ಲಿಟ್ಟು, ಒಂದೊಂದು ಟೆಂಟಿಗೆ ಎರಡು 9 ವ್ಯಾಟ್ ಬಲ್ಬ್ ಹಾಕಿದರೆ ಸರಿಯಾಗುತ್ತದಾ ಸಾರ್? — ಓದುಗರು, ಸಕಲೇಶಪುರ

ಬೇಡ ಸಾರ್. ಮೊದಲನೆಯದಾಗಿ ಆ ಬ್ಯಾಟರಿಯ ತೂಕವೇ 50 ಕೆ.ಜಿ. ದಾಟುತ್ತದೆ. ಒಳಗೆ ಆಸಿಡ್ ಬೇರೆ. ಅದನ್ನು ದಿಬ್ಬ ಹತ್ತಿಸಿ, ಚಾರ್ಜ್ ಮಾಡಲು ಮತ್ತೆ ಇಳಿಸಿ ಹೊರುವವರ ಬೆನ್ನು ಏನಾಗಬೇಕು? ಎರಡನೆಯದು, ಇನ್ವರ್ಟರ್ ಇಟ್ಟರೆ ಅದರಿಂದ ಬರುವುದು 230 ವೋಲ್ಟ್. ಇಬ್ಬನಿ ಬಿದ್ದು ಒದ್ದೆಯಾದ ನೆಲ, ಬರಿಗಾಲಲ್ಲಿ ಓಡಾಡುವ ಮಕ್ಕಳು, ಗುದ್ದಲಿ ತಾಗಬಹುದಾದ ವೈರು. ಅಂಥ ಜಾಗಕ್ಕೆ ನಾನಂತೂ 230 ವೋಲ್ಟ್ ಎಳೆದುಕೊಡುವುದಿಲ್ಲ. ಮೂರನೆಯದು, ಬಲ್ಬ್ ಉರಿಯದಿದ್ದರೂ ಇನ್ವರ್ಟರ್ ಸುಮ್ನೆ ಆನ್ ಇದ್ದಷ್ಟು ಹೊತ್ತೂ ಬ್ಯಾಟರಿಯನ್ನು ತಿನ್ನುತ್ತಲೇ ಇರುತ್ತದೆ.

ಇನ್ವರ್ಟರ್ ಬಿಟ್ಟು ಬ್ಯಾಟರಿಯಿಂದಲೇ ನೇರವಾಗಿ 12 ವೋಲ್ಟ್ ಡಿಸಿ ಕರೆಂಟ್ ಎಳೆಯಿರಿ. ಸೋಲಾರ್ ಸಾಮಾನು ಮಾರುವ ಅಂಗಡಿಗಳಲ್ಲಿ 12 ವೋಲ್ಟಿನ ಎಲ್‌ಇಡಿ ಬಲ್ಬ್ ಸಿಗುತ್ತವೆ. ಟೆಂಟಿಗೆ 9 ವ್ಯಾಟ್ ಯಾಕೆ? ಒಂದು 3 ವ್ಯಾಟ್ ಎಲ್‌ಇಡಿ 250ರಿಂದ 300 ಲ್ಯೂಮೆನ್ ಬೆಳಕು ಕೊಡುತ್ತದೆ. ಮೇಣದ ಬತ್ತಿಯ ಬೆಳಕು ಸುಮಾರು 12 ಲ್ಯೂಮೆನ್. ಅಂದರೆ ಇಪ್ಪತ್ತಕ್ಕೂ ಜಾಸ್ತಿ ಮೇಣದ ಬತ್ತಿಗಳಷ್ಟು ಬೆಳಕು ಒಂದೇ ಪುಟ್ಟ ಬಲ್ಬಿನಲ್ಲಿದೆ. ಟೆಂಟಿನ ಬಟ್ಟೆ ತಿಳಿ ಬಣ್ಣದ್ದಾಗಿದ್ದರೆ ಅದೂ ಬೆಳಕನ್ನು ಒಳಗೇ ಹರಡುತ್ತದೆ. ಬ್ಯಾಗಿನಲ್ಲಿ ಸ್ವೆಟರ್ ಹುಡುಕಲು, ಹಾಸಿಗೆ ಸರಿ ಮಾಡಲು, ಪುಸ್ತಕ ಓದಲು ಇಷ್ಟು ಸಾಕು.

ಈಗ ಲೆಕ್ಕ ಹಾಕೋಣ. ದಯವಿಟ್ಟು ಕಾಗದ ಪೆನ್ನು ಹಿಡಿದು ನೀವೂ ಹಾಕಿ. ಸಾಮಾನು ತರುವ ಮೊದಲು ಈ ಲೆಕ್ಕ ಆಗಲೇಬೇಕು. ನಾಲ್ಕು ಟೆಂಟಿಗೆ ಎರಡೆರಡು 3 ವ್ಯಾಟ್ ಬಲ್ಬ್, ಒಟ್ಟು 24 ವ್ಯಾಟ್. ದಾರಿಗೆ ಮೊಣಕಾಲೆತ್ತರದಲ್ಲಿ 1 ವ್ಯಾಟಿನ ಆರು ದೀಪ, 6 ವ್ಯಾಟ್. ಸಂಜೆ ಆರೂವರೆಯಿಂದ ಹತ್ತೂವರೆವರೆಗೆ ಎಲ್ಲಾ ಉರಿದರೆ 30 ವ್ಯಾಟ್, ನಾಲ್ಕು ಗಂಟೆ, 120 ವ್ಯಾಟ್-ಅವರ್. ಆಮೇಲೆ ಬೆಳಿಗ್ಗೆ ಆರರವರೆಗೆ ದಾರಿ ದೀಪ ಮಾತ್ರ, 45 ವ್ಯಾಟ್-ಅವರ್. ರಾತ್ರಿಗೆ ಒಟ್ಟು 165.

ಆಸಿಡ್ ಬ್ಯಾಟರಿಯಾದರೆ ಅರ್ಧಕ್ಕಿಂತ ಜಾಸ್ತಿ ಖಾಲಿ ಮಾಡಬಾರದು, ಆಯುಷ್ಯ ಬೇಗ ಮುಗಿಯುತ್ತದೆ. ಹಾಗಾಗಿ 165ಕ್ಕೆ 330 ವ್ಯಾಟ್-ಅವರ್ ಇಡಬೇಕು, 12 ವೋಲ್ಟಿಗೆ ಸುಮಾರು 28 ಎಎಚ್. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯನ್ನು ಶೇ. 80ರವರೆಗೆ ನಿಶ್ಚಿಂತೆಯಿಂದ ಬಳಸಬಹುದು. ಅದರ ಪ್ಯಾಕ್ 12.8 ವೋಲ್ಟ್ ಇರುತ್ತದೆ. 16 ಎಎಚ್ ಸಾಕು, ಕೈ ಬಿಚ್ಚಿ ಇಟ್ಟರೂ 20 ಎಎಚ್. ತೂಕ 3 ಕೆ.ಜಿ. ಆಸುಪಾಸು. ಹಿಡಿಕೆ ಇರುವ ಡಬ್ಬದಲ್ಲಿ ಹಾಕಿ ಬೆಳಿಗ್ಗೆ ಮನೆಗೆ ತಂದು ಚಾರ್ಜ್ ಮಾಡಿ, ಸಂಜೆ ಒಬ್ಬರೇ ಒಯ್ದು ಇಡಬಹುದು. ಬೆಲೆ ಆಸಿಡ್ ಬ್ಯಾಟರಿಗಿಂತ ಜಾಸ್ತಿ, ನಿಜ. ಆದರೂ ನನ್ನ ಮತ ಇದಕ್ಕೇ. ಒಂದು ಎಚ್ಚರ: ಚಾರ್ಜರ್ ಕೂಡ ಅದಕ್ಕೇ ಮಾಡಿದ 14.6 ವೋಲ್ಟಿನದ್ದಾಗಿರಬೇಕು. ಹಳೇ ಇನ್ವರ್ಟರಿನಿಂದ ಚಾರ್ಜ್ ಮಾಡಬೇಡಿ.

ಬ್ಯಾಟರಿಯನ್ನು ನಾಲ್ಕೂ ಟೆಂಟಿನ ಮಧ್ಯೆ ಇಟ್ಟು ಒಂದೊಂದಕ್ಕೆ ಬೇರೆ ಬೇರೆ ಲೈನ್ ಎಳೆಯಿರಿ. 12 ವೋಲ್ಟಿನಲ್ಲಿ ವೈರು ಉದ್ದವಾದಷ್ಟೂ, ಸಣ್ಣದಾದಷ್ಟೂ ವೋಲ್ಟೇಜ್ ದಾರಿಯಲ್ಲೇ ಕರಗುತ್ತದೆ. 10 ಮೀಟರ್ ದೂರಕ್ಕೆ 1 ಚದರ ಮಿ.ಮೀ. ತಾಮ್ರದ ವೈರು ಹಾಕಿದರೆ ಎರಡು ಬಲ್ಬಿಗೆ ಕಳೆದುಹೋಗುವುದು 0.2 ವೋಲ್ಟ್ ಅಷ್ಟೇ. ಅದೇ ಮನೆಯಿಂದಲೇ ಎಳೆದರೆ ಕೊನೆಯ ಟೆಂಟಿನ ದೀಪ ಮಂಕಾಗುತ್ತದೆ.

ಫ್ಯೂಸ್ ಮಾತ್ರ ಬಿಡಬೇಡಿ. 12 ವೋಲ್ಟ್ ಶಾಕ್ ಹೊಡೆಯುವುದಿಲ್ಲ ಅಂತ ಫ್ಯೂಸ್ ಇಲ್ಲದೆ ಜೋಡಿಸಿದ್ದನ್ನು ತುಂಬ ಕಡೆ ನೋಡಿದ್ದೇನೆ. ಶಾಕ್ ಹೊಡೆಯುವುದಿಲ್ಲ, ಸರಿ. ಆದರೆ ಎರಡು ವೈರು ತಾಗಿದರೆ ಅದೇ ಬ್ಯಾಟರಿ ವೈರನ್ನು ಕೆಂಪಗೆ ಕಾಯಿಸುತ್ತದೆ. ಟೆಂಟಿನ ನೈಲಾನ್, ಪಾಲಿಯೆಸ್ಟರ್ ಬಟ್ಟೆಗೆ ಅಷ್ಟು ಸಾಕು. ಬ್ಯಾಟರಿಯ ಪ್ಲಸ್ ತುದಿಯ ಪಕ್ಕದಲ್ಲೇ 5 ಆಂಪಿಯರಿನ ಫ್ಯೂಸ್ ಹಾಕಿ. ಇನ್ನೊಂದು ಮಾತು, ಕೆಲವು 12 ವೋಲ್ಟ್ ಬಲ್ಬುಗಳ ತಲೆ ನಮ್ಮ ಮನೆಯ ಬಲ್ಬಿನ ಥರವೇ ಇರುತ್ತದೆ. ಯಾರಾದರೂ ಗೊತ್ತಿಲ್ಲದೆ ಅದನ್ನು ಮನೆಯ ಹೋಲ್ಡರಿಗೆ ಹಾಕಿದರೆ ಸುಟ್ಟು ಹೋಗುತ್ತದೆ, ಒಡೆಯಲೂಬಹುದು. ಪ್ರತಿ ಬಲ್ಬಿನ ಮೇಲೂ ಮಾರ್ಕರ್ ಪೆನ್ನಿನಲ್ಲಿ ದಪ್ಪಗೆ 12 ಅಂತ ಬರೆದಿಡಿ.

ಎತ್ತಿನಭುಜದ ಕಡೆ ಹೋಗುವಾಗ ಆನ್‌ಲೈನಿನಲ್ಲಿ ಒಂದು ಲಾಟೀನು ತರಿಸಿದೆವು. ಒಳಗಿನ ಬ್ಯಾಟರಿ ಮೇಲೆ 9900 ಎಂಎಎಚ್ ಅಂತ ಇದೆ. ರಾತ್ರಿ ಪೂರ್ತಿ ಉರಿಯುತ್ತದೆ ಅಂದುಕೊಂಡರೆ ಒಂದು ಗಂಟೆಗೇ ಮುಗಿಯಿತು. ಲಾಟೀನು ಕೆಟ್ಟಿದೆಯಾ? — ವಿದ್ಯಾರ್ಥಿನಿ, ಹಾಸನ

ಲಾಟೀನು ಕೆಟ್ಟಿಲ್ಲಮ್ಮ, ಬ್ಯಾಟರಿ ಮೇಲೆ ಬರೆದದ್ದು ಸುಳ್ಳು. ನೀನು ಕಳಿಸಿದ ಫೋಟೋದಲ್ಲಿರುವುದು 18650 ಅನ್ನುವ ಸೆಲ್. 18 ಮಿ.ಮೀ. ಅಗಲ, 65 ಮಿ.ಮೀ. ಉದ್ದ ಅಂತ ಆ ಹೆಸರು. ಆ ಅಳತೆಯೊಳಗೆ ಒಳ್ಳೆಯ ಕಂಪನಿಯ ಸೆಲ್ ಕೂಡ 3500 ಎಂಎಎಚ್ ಆಸುಪಾಸಿಗೆ ನಿಲ್ಲುತ್ತದೆ. 9900 ಅನ್ನುವುದಕ್ಕೆ ಅಲ್ಲಿ ಜಾಗವೇ ಇಲ್ಲ. ಓದುವ ಮಕ್ಕಳು ದುಡ್ಡು ಕೂಡಿಸಿ ತರಿಸುವ ವಸ್ತುವಿನ ಮೇಲೆ ಹೀಗೆ ಬರೆದು ಮಾರುವುದು ನೋಡಿದರೆ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ.

ಪರೀಕ್ಷೆ ಮಾಡುವ ಸುಲಭದ ದಾರಿ ತಕ್ಕಡಿ. ಸರಿಯಾದ 18650 ಸೆಲ್ 45 ಗ್ರಾಂ ಆಸುಪಾಸು ತೂಗುತ್ತದೆ. ನಿಮ್ಮದನ್ನು ಯಾವುದಾದರೂ ಸಣ್ಣ ಎಲೆಕ್ಟ್ರಾನಿಕ್ ತಕ್ಕಡಿ ಮೇಲೆ ಇಟ್ಟು ನೋಡಿ. ತುಂಬ ಹಗುರ ಇದ್ದರೆ ಒಳಗೆ ಸರಕು ಕಡಿಮೆ.

ಇನ್ನು ಮುಂದೆ ಎಂಎಎಚ್ ನೋಡಿ ಮರುಳಾಗಬೇಡಿ. ವೋಲ್ಟ್ ಹೇಳದೆ ಎಂಎಎಚ್ ಹೇಳುವುದು, ಚೀಲ ಎಷ್ಟು ಕೆ.ಜಿ.ಯದ್ದು ಅಂತ ಹೇಳದೆ ಇಷ್ಟು ಚೀಲ ಕಾಫಿ ಆಯಿತು ಅಂದ ಹಾಗೆ. ಸಾವಿರ ಎಂಎಎಚ್ ಅಂದರೆ ಒಂದು ಎಎಚ್. ವೋಲ್ಟನ್ನು ಎಎಚ್‌ನಿಂದ ಗುಣಿಸಿದರೆ ಬರುವ ವ್ಯಾಟ್-ಅವರ್ ನೋಡಿ. 2600 ಎಂಎಎಚ್‌ನ ನಿಜವಾದ ಸೆಲ್ ಅಂದರೆ 3.7 ವೋಲ್ಟಿಗೆ 9.6 ವ್ಯಾಟ್-ಅವರ್. 5 ವ್ಯಾಟಿನ ಲಾಟೀನು ಪೂರ್ತಿ ಬೆಳಕಿನಲ್ಲಿ ಎರಡು ಗಂಟೆಯೊಳಗೆ ಅದನ್ನು ಮುಗಿಸುತ್ತದೆ. ಅದೇ ಬೆಳಕು ತಗ್ಗಿಸಿ 1 ವ್ಯಾಟಿಗೆ ಇಟ್ಟರೆ ಒಂಬತ್ತು ಗಂಟೆ. ಸೆಲ್ ಬದಲಿಸುವುದರ ಜೊತೆಗೆ, ಬೆಳಕು ತಗ್ಗಿಸಿ ಇರುವುದನ್ನೂ ಅಭ್ಯಾಸ ಮಾಡಿಕೊಳ್ಳಿ. ಕಣ್ಣು ಕತ್ತಲಿಗೆ ಪೂರ್ತಿ ಹೊಂದಿಕೊಳ್ಳಲು ಇಪ್ಪತ್ತು, ಮೂವತ್ತು ನಿಮಿಷ ಬೇಕು. ಅಷ್ಟು ಕಾದರೆ ಸಣ್ಣ ದೀಪವೇ ದೊಡ್ಡದಾಗಿ ಕಾಣುತ್ತದೆ.

ಅಂದಹಾಗೆ, ಕಾಡಿನೊಳಗೆ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಟೆಂಟ್ ಹಾಕಬೇಡಿ. ತೋಟದವರು ಒಪ್ಪಿ ಕೊಟ್ಟ ಜಾಗದಲ್ಲೇ ಹಾಕಿ.

ಪವರ್ ಬ್ಯಾಂಕಿಗೆ ಸೀರಿಯಲ್ ಲೈಟ್ ಸಿಕ್ಕಿಸಿದರೆ ಸ್ವಲ್ಪ ಹೊತ್ತಿಗೆ ತಾನೇ ಆಫ್ ಆಗುತ್ತದೆ. ಚಾರ್ಜ್ ಪೂರ್ತಿ ಇರುತ್ತದೆ. — ಗೃಹಿಣಿ, ಅರಸೀಕೆರೆ

ಪವರ್ ಬ್ಯಾಂಕ್ ಮಾಡಿರುವುದು ಫೋನಿಗೆ. ಎಳೆಯುವ ಕರೆಂಟು ತೀರಾ ಕಡಿಮೆಯಾದರೆ ಫೋನ್ ಚಾರ್ಜ್ ಮುಗಿಯಿತು ಅಂತ ತಿಳಿದು ಅದು ಮಲಗಿಬಿಡುತ್ತದೆ. ನಿಮ್ಮ ಸೀರಿಯಲ್ ಲೈಟ್ ಅಷ್ಟು ಕಡಿಮೆ ಎಳೆಯುತ್ತಿದೆ, ಅಷ್ಟೇ ಅಕ್ಕ. ಕೆಲವು ಪವರ್ ಬ್ಯಾಂಕಿನಲ್ಲಿ ಸಣ್ಣ ಲೋಡಿಗೆ ಬೇರೆ ಮೋಡ್ ಇರುತ್ತದೆ, ಜೊತೆಗೆ ಬಂದ ಚೀಟಿ ನೋಡಿ. ಇಲ್ಲದಿದ್ದರೆ ಇನ್ನೊಂದು ಕಿಂಡಿಗೆ ಯುಎಸ್‌ಬಿ ಬಲ್ಬ್ ಸಿಕ್ಕಿಸಿ, ಎರಡೂ ಉರಿಯುತ್ತವೆ.

ಕೊಟ್ಟಿಗೆಹಾರದ ಹತ್ತಿರ ಟೆಂಟ್ ಹಾಕಿದ್ದೆವು. ದೀಪ ಹಚ್ಚಿದ್ದೇ ತಡ, ಹುಳಗಳ ದಂಡೇ ಬಂತು. ಊಟದ ತಟ್ಟೆಗೂ ಬಿದ್ದವು. ಹುಳ ಬಾರದ ದೀಪ ಇದೆಯಾ? — ಓದುಗರು, ಚಿಕ್ಕಮಗಳೂರು

ಒಂದೂ ಬಾರದ ದೀಪ ಇಲ್ಲ. ಕಡಿಮೆ ಬರುವ ದೀಪ ಇದೆ. ರಾತ್ರಿ ಹಾರುವ ಹುಳಗಳನ್ನು ಜಾಸ್ತಿ ಸೆಳೆಯುವುದು ಬೆಳಕಿನೊಳಗಿನ ನೀಲಿ ಮತ್ತು ನೇರಳಾತೀತ ಭಾಗ. ನಾವು ಬಳಸುವ ಹೆಚ್ಚಿನ ಬಿಳಿ ಎಲ್‌ಇಡಿಗಳ ಒಳಗಿರುವುದು ನೀಲಿ ಎಲ್‌ಇಡಿಯೇ. ಅದರ ಮೇಲೆ ಹಳದಿ ಲೇಪ ಹಚ್ಚಿ ಬಿಳಿ ಮಾಡುತ್ತಾರೆ. ಆ ನೀಲಿ ಎಲ್‌ಇಡಿಯನ್ನು ಸಾಧಿಸಿದ್ದಕ್ಕೇ ಅಕಾಸಾಕಿ, ಅಮಾನೊ, ನಾಕಾಮುರಾ ಅವರಿಗೆ 2014ರಲ್ಲಿ ಭೌತಶಾಸ್ತ್ರದ ನೊಬೆಲ್ ಬಂತು. ಡಬ್ಬದ ಮೇಲೆ 6500 ಕೆ (ಕೆಲ್ವಿನ್, ಬೆಳಕಿನ ಬಣ್ಣದ ಅಳತೆ) ಅಂತ ಇದ್ದರೆ ನೀಲಿ ಜಾಸ್ತಿ ಇರುವ ಬಿಳಿ. 2700 ಅಥವಾ 3000 ಕೆ ಅಂತ ಇದ್ದರೆ ಹಳದಿ ಬಿಳಿ. ಟೆಂಟಿಗೆ ಹಳದಿಯದ್ದೇ ತನ್ನಿ. ಜೊತೆಗೆ ಒಂದು ದೀಪವನ್ನು ಊಟದ ಜಾಗದಿಂದ ದೂರದ ಮರಕ್ಕೆ ಕಟ್ಟಿ, ಹುಳ ಅತ್ತ ಹೋಗುತ್ತವೆ. ಟೆಂಟಿನ ಜಿಪ್ ತೆಗೆಯುವ ಮೊದಲು ಒಳಗಿನ ದೀಪ ಆರಿಸಿ. ಮೊದಲ ಮಳೆ ಬಿದ್ದ ಸಂಜೆ ರೆಕ್ಕೆ ಬಂದ ಗೆದ್ದಲು ಎದ್ದರೆ ಮಾತ್ರ ಯಾವ ಉಪಾಯವೂ ನಡೆಯುವುದಿಲ್ಲ. ಅರ್ಧ ಗಂಟೆ ಎಲ್ಲಾ ದೀಪ ಆರಿಸಿ ಕೂರುವುದೇ ಸರಿ.

ಇಲ್ಲಿ ನನ್ನದೊಂದು ಕೋರಿಕೆಯೂ ಇದೆ. ಮೇ, ಜೂನ್ ಹೊತ್ತಿಗೆ ನಮ್ಮ ಘಟ್ಟದ ಮರಗಳಲ್ಲಿ ಮಿಂಚುಹುಳ ತುಂಬುತ್ತವೆ. ಗಂಡು ಹೆಣ್ಣು ಒಂದನ್ನೊಂದು ಹುಡುಕಿಕೊಳ್ಳುವುದು ಆ ಮಿಂಚಿನಿಂದಲೇ. ಪಕ್ಕದಲ್ಲಿ ಫ್ಲಡ್ ಲೈಟ್ ಉರಿಸಿದರೆ ಅವುಗಳ ಮಾತು ಅವಕ್ಕೇ ಕಾಣುವುದಿಲ್ಲ. ಆ ತಿಂಗಳುಗಳಲ್ಲಿ ಮರದ ಕಡೆಗೆ ದೀಪ ತಿರುಗಿಸಬೇಡಿ. ಓಡಾಡಲು ಕೆಂಪು ಬೆಳಕಿನ ಹೆಡ್‌ಲ್ಯಾಂಪ್ ಸಾಕು. ಅದರಿಂದ ನಿಮ್ಮ ಕಣ್ಣಿನ ಕತ್ತಲೆಯ ನೋಟವೂ ಕೆಡುವುದಿಲ್ಲ.

ನಮ್ಮ ಕಡೆ ಆನೆ ಓಡಾಟ ಇದೆ. ಟೆಂಟಿನ ಸುತ್ತ ರಾತ್ರಿಯಿಡೀ ಜೋರು ದೀಪ ಉರಿಸಿದರೆ ಬರುವುದಿಲ್ಲ ಅಂತಾರೆ. ನಿಜವಾ? — ಓದುಗರು, ಆಲೂರು

ದೀಪ ಬೇಲಿ ಅಲ್ಲ. ಕರೆಂಟು ಇರುವ ಮನೆಯಂಗಳಕ್ಕೇ ಆನೆ ಬಂದು ಹೋಗಿರುವುದನ್ನು ಆಲೂರಿನವರಾದ ನೀವು ನೋಡಿಯೇ ಇರುತ್ತೀರಿ. ಆನೆ ಓಡಾಡುವ ದಿನಗಳಲ್ಲಿ ಟೆಂಟೇ ಬೇಡ. ಅತಿಥಿಗಳನ್ನು ಮನೆಯೊಳಗೆ ಮಲಗಿಸಿ. ಹಾಸನ, ಚಿಕ್ಕಮಗಳೂರು ಜಿಲ್ಲೆಗಳಲ್ಲಿ ಅರಣ್ಯ ಇಲಾಖೆಯ ಆನೆ ಕಾರ್ಯಪಡೆ ಇದೆ. ಬುಕಿಂಗ್ ತೆಗೆದುಕೊಳ್ಳುವ ಮೊದಲು ಅವರನ್ನು ಕೇಳಿ.

ಡಿಸೆಂಬರಿನಲ್ಲಿ ಕೆಮ್ಮಣ್ಣುಗುಂಡಿ ಕಡೆ ಹೋಗುತ್ತಿದ್ದೇವೆ. ಚಳಿಗೆ ಬ್ಯಾಟರಿ ಇಳಿಯುತ್ತದಾ? ಇಳಿದರೆ ಗ್ಯಾಸ್ ಲಾಟೀನು ಅಥವಾ ಒಂದು ಬಾಣಲೆ ಕೆಂಡ ಟೆಂಟಿನೊಳಗೆ ಇಟ್ಟುಕೊಳ್ಳಬಹುದಾ? — ಓದುಗರು, ಕಡೂರು

ಬ್ಯಾಟರಿ ಚಿಂತೆ ಬಿಡಿ. ಲಿಥಿಯಂ ಬ್ಯಾಟರಿಗೆ ನಿಜವಾಗಿ ಕಷ್ಟ ಕೊಡುವುದು ಸೊನ್ನೆ ಡಿಗ್ರಿ ಸುತ್ತಮುತ್ತಲಿನ ಚಳಿ. ಅದಕ್ಕಿಂತ ಬಿಸಿಲಲ್ಲಿ ನಿಲ್ಲಿಸಿದ ಕಾರಿನಲ್ಲಿ ಬ್ಯಾಟರಿ ಬಿಡಬೇಡಿ.

ಕೆಂಡ ಮತ್ತು ಗ್ಯಾಸ್ ಲಾಟೀನು ಮಾತ್ರ ಟೆಂಟಿನೊಳಗೆ ಬೇಡವೇ ಬೇಡ. ಉರಿಯುವ ಕೆಂಡದಿಂದ ಕಾರ್ಬನ್ ಮಾನಾಕ್ಸೈಡ್ ಬರುತ್ತದೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ಮಲಗಿದವರಿಗೆ ಎಚ್ಚರವೇ ಆಗುವುದಿಲ್ಲ. ಜಿಪ್ ಸ್ವಲ್ಪ ತೆಗೆದಿರುತ್ತೇವೆ ಅಂದರೂ ಬೇಡ. ಇನ್ನೊಂದು ಕಂಬಳಿ ಒಯ್ಯಿರಿ, ಇನ್ನೊಂದು ಟಾರ್ಚು ಒಯ್ಯಿರಿ.

ಮನೆಯಲ್ಲಿ ಹಳೇ ಲಾಟೀನಿನ ಬ್ಯಾಟರಿ ಊದಿಕೊಂಡಿದೆ. ಇನ್ನೂ ಉರಿಯುತ್ತದೆ. ಬಳಸಬಹುದಾ? — ಓದುಗರು, ಬೇಲೂರು

ಬಳಸಬೇಡಿ, ಚಾರ್ಜಿಗೂ ಇಡಬೇಡಿ. ಒಳಗೆ ಗ್ಯಾಸ್ ತುಂಬಿದೆ. ಚುಚ್ಚುವುದು, ಒತ್ತುವುದು ಮಾಡಿದರೆ ಬೆಂಕಿ ಹತ್ತಿಕೊಳ್ಳಬಹುದು. ತಿಪ್ಪೆಗೂ ಒಲೆಗೂ ಎಸೆಯಬೇಡಿ. ಎರಡೂ ತುದಿಗೆ ಇನ್ಸುಲೇಷನ್ ಟೇಪ್ ಸುತ್ತಿ, ಒಣ ಮರಳು ತುಂಬಿದ ತಗಡಿನ ಡಬ್ಬದಲ್ಲಿಟ್ಟು ಮನೆಯ ಹೊರಗೆ, ಮಕ್ಕಳ ಕೈಗೆ ಸಿಗದ ಹಾಗೆ ಇಡಿ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮದ ಪ್ರಕಾರ ಹಳೇ ಬ್ಯಾಟರಿ ವಾಪಸ್ ಪಡೆದು ವಿಲೇವಾರಿ ಮಾಡುವುದು ತಯಾರಕರ ಜವಾಬ್ದಾರಿ. ಹಾಗಾಗಿ ಕೊಂಡ ಅಂಗಡಿಯಲ್ಲಿ ಸಂಕೋಚ ಇಲ್ಲದೆ ಕೇಳಿ. ಬೇಲೂರಿನಿಂದ ಮೂಡಿಗೆರೆ ಕಡೆ ಬರುವುದಿದ್ದರೆ ಆ ಡಬ್ಬದಲ್ಲೇ ಇಟ್ಟು ನಮ್ಮ ಅಂಗಡಿಗೆ ತಂದುಕೊಡಿ, ನಾನು ಒಟ್ಟು ಮಾಡಿ ಕಳಿಸುತ್ತೇನೆ.